ದಿನ ಗೆದ್ದ ಸೈಕಲ್ ಸವಾರ



ಇದು ಒಬ್ಬ ಸೈಕಲ್ ಸವಾರರ ಕತೆ. ಅವರು ನಮ್ಮ ದೇಶದವರಲ್ಲ. ಬಹಳ ದೂರದವರು. ಹಾಗಾದರೆ ಅವರ ಕತೆ ನಮಗ್ಯಾಕೆ? ಅದನ್ನೇ ಮೊದಲು ಹೇಳುತ್ತೇವೆ.

ಪುಸ್ತಕ ಮುಚ್ಚಿಟ್ಟ ಅಕ್ಕ

ಸಾರಕ್ಕಿಯಲ್ಲಿ ನಮ್ಮ ಕಲಿಕಾ ಕೇಂದ್ರ ಸಂಜೆ ನಡೆಯುತ್ತದೆ. ಮನೆಗೆಲಸ ಮುಗಿಸಿ ಬರುವವರಿದ್ದಾರೆ. ಗಾರ್ಮೆಂಟ್ಸ್ ಕೆಲಸದಿಂದ ನೇರವಾಗಿ ಬರುವವರಿದ್ದಾರೆ. ಮಾರ್ಕೆಟ್ಟಿನಲ್ಲಿ ಹೂವು ಮಾರುವ ಒಬ್ಬ ಅಕ್ಕನೂ ಬರುತ್ತಾರೆ.

ಒಂದು ಸಂಜೆ ಹೂವಿನ ಅಕ್ಕ ಪುಸ್ತಕ ಮುಚ್ಚಿಟ್ಟರು.

"ನಾಳೆಯಿಂದ ನಾನು ಬರಲ್ಲ ಕಣಮ್ಮ" ಅಂದರು.

"ಯಾಕಕ್ಕಾ?"

"ಮೂರು ತಿಂಗಳಾಯ್ತು. ಇನ್ನೂ ಹತ್ತನೇ ಪಾಠದಲ್ಲೇ ಇದ್ದೀನಿ. ನನ್ನ ಮೊಮ್ಮಗಳು ಈ ಪುಸ್ತಕಾನ ಒಂದು ಗಂಟೇಲಿ ಓದಿ ಇಟ್ಟುಬಿಡ್ತಾಳೆ. ಪೂರ್ತಿ ಮುಗಿಸೋದು ನನ್ನ ಕೈಲಿ ಆಗಲ್ಲ. ಆಗದೇ ಇರೋದಕ್ಕೆ ಯಾಕೆ ಬರಬೇಕು?"

ನಮಗೆ ಆಗ ಏನು ಹೇಳಬೇಕೋ ತೋಚಲಿಲ್ಲ. ಮೂರು ದಿನ ಅಕ್ಕ ಬರಲಿಲ್ಲ. ನಾಲ್ಕನೆಯ ದಿನ ನಾವೇ ಅವರ ಮನೆಗೆ ಹೋದೆವು. ಬುದ್ಧಿ ಹೇಳಲು ಹೋಗಲಿಲ್ಲ. ಹೂವು ಕಟ್ಟುತ್ತಾ ಕುಳಿತು ಒಂದು ಕತೆ ಹೇಳಿದೆವು. ಆ ಕತೆಯೇ ಈ ಪಾಠ.

ಊರು ಯಾವುದು?

ಯೂರೋಪ್ ಖಂಡದಲ್ಲಿ ಸ್ಪೇನ್ ಅಂತ ಒಂದು ದೇಶ ಇದೆ. ನಮ್ಮ ದೇಶದಲ್ಲಿ ಕರ್ನಾಟಕ ಇರುವ ಹಾಗೆ, ಸ್ಪೇನಿನಲ್ಲಿ ಕ್ಯಾಟಲೋನಿಯಾ ಅಂತ ಒಂದು ಸೀಮೆ ಇದೆ. ಅಲ್ಲಿನ ದೊಡ್ಡ ನಗರ ಬಾರ್ಸಿಲೋನಾ. ಅಲ್ಲಿನ ಜನರ ಮಾತು ಕ್ಯಾಟಲನ್.

ಬಾರ್ಸಿಲೋನಾದ ಮಗ್ಗುಲಲ್ಲೇ ಮೊಂಕಾಡ ಎಂಬ ಊರಿದೆ. ನಮ್ಮ ಸಾರಕ್ಕಿಯೂ ಒಂದು ಕಾಲಕ್ಕೆ ಬೆಂಗಳೂರಿನ ಮಗ್ಗುಲಿನ ಹಳ್ಳಿಯೇ ತಾನೇ? ಆ ಮೊಂಕಾಡದಲ್ಲಿ 1928ರ ಮಾರ್ಚ್ 18ರಂದು ಒಬ್ಬ ಹುಡುಗ ಹುಟ್ಟಿದ. ಅವನ ಹೆಸರು ಮಿಕೆಲ್ ಪೊಬ್ಲೆಟ್.

ಹುಡುಗನಿಗೆ ಎಂಟು ವರ್ಷ ಆಗಿದ್ದಾಗ ದೇಶದೊಳಗೇ ಯುದ್ಧ ಶುರುವಾಯಿತು. ಅಣ್ಣ ತಮ್ಮಂದಿರೇ ಎದುರು ಬದುರು ನಿಂತ ಯುದ್ಧ ಅದು. 1936ರಿಂದ 1939ರವರೆಗೆ ನಡೆಯಿತು. ಯುದ್ಧ ನಿಂತರೂ ಹಸಿವು ನಿಲ್ಲಲಿಲ್ಲ. ಬ್ರೆಡ್ಡು, ಎಣ್ಣೆ, ಸಕ್ಕರೆ ಎಲ್ಲಾ ರೇಷನ್ನಿನಲ್ಲಿ ಸಿಗುತ್ತಿದ್ದವು. ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಆ ಕಾರ್ಡುಗಳು 1952ರವರೆಗೂ ಇದ್ದವು. ಇಂಥ ಕಾಲದಲ್ಲಿ ಮಿಕೆಲ್ ಬೆಳೆದರು, ಸೈಕಲ್ ತುಳಿದರು.

ಎಂಥ ಓಟ?

ಸೈಕಲ್ ಓಟ ಅಂದರೆ ನಮ್ಮೂರ ಜಾತ್ರೆಯಲ್ಲಿ ನಡೆಯುವ ಓಟದ ಹಾಗಲ್ಲ. ಯೂರೋಪಿನಲ್ಲಿ ಮೂರು ದೊಡ್ಡ ಓಟಗಳಿವೆ. ಫ್ರಾನ್ಸ್ ದೇಶದ ಓಟ 1903ರಲ್ಲಿ ಶುರುವಾಯಿತು. ಇಟಲಿ ದೇಶದ್ದು 1909ರಲ್ಲಿ. ಸ್ಪೇನ್ ದೇಶದ್ದು 1935ರಲ್ಲಿ.

ಫ್ರಾನ್ಸಿನ ಓಟವನ್ನು ಶುರು ಮಾಡಿದ್ದು ಯಾರು ಗೊತ್ತೇ? ಒಂದು ಪತ್ರಿಕೆಯವರು! ಓಟ ನಡೆದರೆ ಜನ ಸುದ್ದಿ ಓದುತ್ತಾರೆ, ಪತ್ರಿಕೆ ಹೆಚ್ಚು ಮಾರಾಟ ಆಗುತ್ತದೆ ಅಂತ ಅವರ ಲೆಕ್ಕ. ಹಾಗೇ ಆಯಿತು. ಆ ಪತ್ರಿಕೆಯ ಕಾಗದ ಹಳದಿ ಬಣ್ಣದ್ದು. ಅದಕ್ಕೇ ಓಟದಲ್ಲಿ ಎಲ್ಲರಿಗಿಂತ ಮುಂದಿರುವ ಸವಾರನಿಗೆ ಹಳದಿ ಅಂಗಿ ಕೊಡುವ ಪದ್ಧತಿ ಬಂತು. ಇಟಲಿಯ ಓಟವೂ ಪತ್ರಿಕೆಯವರದೇ. ಅವರ ಕಾಗದ ಗುಲಾಬಿ. ಅಲ್ಲಿ ಗುಲಾಬಿ ಅಂಗಿ.

ಈ ಓಟಗಳು ಒಂದು ದಿನದಲ್ಲಿ ಮುಗಿಯುವುದಿಲ್ಲ. ಫ್ರಾನ್ಸಿನ ಓಟವನ್ನೇ ತೆಗೆದುಕೊಳ್ಳಿ. ಮೂರು ವಾರ ನಡೆಯುತ್ತದೆ. ಆ ಕಾಲದಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ವಾಪಸು ಬಂದಷ್ಟು. ಬಯಲು, ಬೆಟ್ಟ, ಮಳೆ, ಬಿಸಿಲು ಎಲ್ಲಾ ದಾಟಬೇಕು.

ಪ್ರತಿ ದಿನ ಒಂದೂರಿನಿಂದ ಇನ್ನೊಂದೂರಿಗೆ ಓಟ. ಸಂಜೆ ಆ ಊರಿಗೆ ಮೊದಲು ಮುಟ್ಟಿದವರು ಆ ದಿನದ ಗೆಲುವು ಪಡೆಯುತ್ತಾರೆ. ಹೀಗೆ ಎಲ್ಲಾ ದಿನಗಳಲ್ಲಿ ಹಿಡಿದ ಹೊತ್ತನ್ನು ಕೂಡಿಸುತ್ತಾರೆ. ಒಟ್ಟು ಹೊತ್ತು ಯಾರದು ಕಡಿಮೆಯೋ ಅವರು ಇಡೀ ಓಟ ಗೆದ್ದ ಹಾಗೆ.

ಅಂದರೆ ಇಲ್ಲಿ ಎರಡು ತರಹದ ಗೆಲುವಿದೆ. ಒಂದು ದಿನದ ಗೆಲುವು. ಇನ್ನೊಂದು ಇಡೀ ಓಟದ ಗೆಲುವು. ಇದನ್ನು ನೆನಪಿಡಿ. ಕತೆಯ ಗುಟ್ಟು ಇಲ್ಲೇ ಇದೆ.

ಗಾಳಿಯ ಮರೆ

ಮಿಕೆಲ್ ಪೊಬ್ಲೆಟ್ ಅವರ ಬಲ ಏನು? ಕೊನೆಯ ಗಳಿಗೆಯ ವೇಗ.

ನೀವು ಎದುರುಗಾಳಿಯಲ್ಲಿ ನಡೆದಿದ್ದೀರಾ? ಸೆರಗು ಹಿಂದಕ್ಕೆ ಹಾರುತ್ತದೆ, ಹೆಜ್ಜೆ ಭಾರ ಆಗುತ್ತದೆ. ಮುಂದೆ ಯಾರಾದರೂ ನಡೆಯುತ್ತಿದ್ದರೆ ಅವರ ಹಿಂದೆ ಸುಲಭ. ಗಾಳಿಯ ಹೊಡೆತ ಅವರಿಗೆ ಬೀಳುತ್ತದೆ. ಸೈಕಲ್ಲಿನಲ್ಲೂ ಅಷ್ಟೇ. ಜೋರಾಗಿ ಹೋಗುವಾಗ ಸವಾರನ ಶಕ್ತಿ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ.

ಅದಕ್ಕೇ ಸವಾರರು ಗುಂಪಾಗಿ ಹೋಗುತ್ತಾರೆ. ಒಬ್ಬರ ಮರೆಯಲ್ಲಿ ಒಬ್ಬರು. ಸರದಿಯ ಮೇಲೆ ಮುಂದೆ ಬರುತ್ತಾರೆ. ಪೊಬ್ಲೆಟ್ ಐದಾರು ಗಂಟೆ ಹೀಗೆ ಗುಂಪಿನ ಜೊತೆ ಇರುತ್ತಿದ್ದರು. ಆತುರ ಪಡುತ್ತಿರಲಿಲ್ಲ. ಊರು ಹತ್ತಿರ ಬಂದಾಗ, ಇನ್ನೇನು ಗೆರೆ ಕಾಣಿಸುತ್ತಿದೆ ಅನ್ನುವಾಗ, ಮರೆಯಿಂದ ಹೊರಗೆ ಬಂದು ಬಾಣದ ಹಾಗೆ ಮುನ್ನುಗ್ಗುತ್ತಿದ್ದರು.

ನೋಡುವವರಿಗೆ ಅದು ಒಂದು ಕ್ಷಣದ ಆಟ. ಆದರೆ ಆ ಕ್ಷಣಕ್ಕಾಗಿ ಇಡೀ ದಿನ ಶಕ್ತಿ ಉಳಿಸಿಕೊಳ್ಳಬೇಕು. ಯಾವಾಗ ಹೊರಡಬೇಕು ಅಂತ ತಿಳಿದಿರಬೇಕು. ಬೇಗ ಹೊರಟರೆ ಸುಸ್ತು. ತಡ ಮಾಡಿದರೆ ಸೋಲು.

ಹಳದಿ ಅಂಗಿ

1955ರ ಜುಲೈ 7. ಆ ವರ್ಷದ ಫ್ರಾನ್ಸ್ ಓಟ ಶುರುವಾದ ದಿನ. ಸಮುದ್ರ ತೀರದ ಲೆ ಆವ್ರ್ ಎಂಬ ಊರಿನಿಂದ ದಿಯೆಪ್ ಎಂಬ ಊರಿಗೆ ಓಟ. ಪೊಬ್ಲೆಟ್ ಗೆದ್ದರು! ಹಳದಿ ಅಂಗಿ ಅವರ ಮೈಮೇಲೆ ಬಂತು.

ಅಲ್ಲಿಯವರೆಗೆ ಸ್ಪೇನ್ ದೇಶದ ಒಬ್ಬ ಸವಾರನಿಗೂ ಆ ಅಂಗಿ ಸಿಕ್ಕಿರಲಿಲ್ಲ. ಅದನ್ನು ತೊಟ್ಟ ಮೊದಲಿಗರು ಇವರೇ. ಆಗ ಅವರಿಗೆ 27 ವರ್ಷ.

ಅಂಗಿ ಬಹಳ ದಿನ ಉಳಿಯಲಿಲ್ಲ. ಬೇಗನೆ ಬೇರೆಯವರ ಪಾಲಾಯಿತು. ಅದಕ್ಕೆ ಅವರೇನು ಸೈಕಲ್ ಒರಗಿಸಿ ಮನೆಗೆ ಹೋದರೇ? ಇಲ್ಲ. ಮೂರು ವಾರ ತುಳಿದರು. ಜುಲೈ 30ರಂದು ಕೊನೆಯ ದಿನದ ಓಟ ಪ್ಯಾರಿಸ್ ನಗರದಲ್ಲಿ ಮುಗಿಯಿತು. ಆ ದಿನವನ್ನೂ ಪೊಬ್ಲೆಟ್ ಅವರೇ ಗೆದ್ದರು. ಇಡೀ ಓಟ ಗೆದ್ದವರು ಫ್ರಾನ್ಸಿನ ಲೂಯಿಸೋ ಬೊಬೆ. ಆದರೆ ಮೊದಲ ದಿನ, ಕೊನೆಯ ದಿನ ಎರಡೂ ಪೊಬ್ಲೆಟ್ ಅವರದು.

ಮರು ವರ್ಷ, 1956ರಲ್ಲಿ, ಇನ್ನೂ ದೊಡ್ಡ ಕೆಲಸ ಮಾಡಿದರು. ಸ್ಪೇನ್ ಓಟದಲ್ಲಿ ದಿನ ಗೆದ್ದರು. ಇಟಲಿ ಓಟದಲ್ಲಿ ದಿನ ಗೆದ್ದರು. ಫ್ರಾನ್ಸ್ ಓಟದಲ್ಲೂ ದಿನ ಗೆದ್ದರು. ಒಂದೇ ವರ್ಷದಲ್ಲಿ ಮೂರೂ ಓಟಗಳಲ್ಲಿ ದಿನ ಗೆದ್ದ ಮೊದಲ ಸವಾರ ಇವರೇ.

ಫ್ರಿಜ್ ಕಂಪನಿಯ ತಂಡ

ಸೈಕಲ್ ತುಳಿದರೆ ಹೊಟ್ಟೆ ತುಂಬುತ್ತದೆಯೇ? ಸಂಬಳ ಕೊಡುವವರು ಯಾರು? ಕಂಪನಿಗಳು. ಸವಾರರ ಅಂಗಿಯ ಮೇಲೆ ಕಂಪನಿ ಹೆಸರು ಇರುತ್ತದೆ. ಜನ ಆ ಹೆಸರು ಓದುತ್ತಾರೆ. ಅದೇ ಜಾಹೀರಾತು.

ಪೊಬ್ಲೆಟ್ ಇಟಲಿಯ ಇಗ್ನಿಸ್ ಎಂಬ ಕಂಪನಿಯ ತಂಡಕ್ಕೆ ಸೇರಿದರು. ಅದು ಮನೆಗೆ ಬೇಕಾದ ಫ್ರಿಜ್ಜುಗಳನ್ನು ತಯಾರಿಸುತ್ತಿದ್ದ ಕಂಪನಿ. ಹಳೆಯ ಲ್ಯಾಟಿನ್ ಭಾಷೆಯಲ್ಲಿ 'ಇಗ್ನಿಸ್' ಅಂದರೆ ಬೆಂಕಿ. ನಮ್ಮ 'ಅಗ್ನಿ' ಪದಕ್ಕೆ ಅದು ನೆಂಟ. ಫ್ರಿಜ್ಜಿಗೆ ಬೆಂಕಿಯ ಹೆಸರು! ತಮಾಷೆ ಅಲ್ಲವೇ?

ಇಟಲಿಯಲ್ಲಿ ಒಂದೇ ದಿನದ ಒಂದು ದೊಡ್ಡ ಓಟವಿದೆ. ಆ ಕಾಲದಲ್ಲಿ ಅದು ಮಿಲಾನ್ ನಗರದಿಂದ ಸಮುದ್ರ ತೀರದ ಸಾನ್ ರೆಮೊ ಊರಿಗೆ ನಡೆಯುತ್ತಿತ್ತು. ದೂರ ಸುಮಾರು 280 ಕಿಲೋಮೀಟರು. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ, ಬೆಂಗಳೂರಿನಿಂದ ಮೈಸೂರಿಗೆ ಸೈಕಲ್ಲಿನಲ್ಲಿ ಹೋಗಿ, ಅದೇ ದಿನ ಸೈಕಲ್ಲಿನಲ್ಲೇ ವಾಪಸು ಬಂದ ಹಾಗೆ.

ಆ ಓಟವನ್ನು ಪೊಬ್ಲೆಟ್ 1957ರಲ್ಲಿ ಗೆದ್ದರು. ಅದನ್ನು ಗೆದ್ದ ಮೊದಲ ಸ್ಪೇನ್ ಸವಾರ ಅವರೇ. 1959ರಲ್ಲಿ ಮತ್ತೆ ಗೆದ್ದರು. ಅವರ ನಂತರ ಇನ್ನೊಬ್ಬ ಸ್ಪೇನ್ ಸವಾರ ಅದನ್ನು ಗೆದ್ದಿದ್ದು ಯಾವಾಗ? 2004ರಲ್ಲಿ. ಅಂದರೆ 45 ವರ್ಷ ಕಳೆದ ಮೇಲೆ!

ತವರಿನ ಕ್ಯಾಟಲೋನಿಯಾದಲ್ಲೂ ಒಂದು ಓಟವಿದೆ. 1911ರಿಂದ ನಡೆದು ಬಂದದ್ದು. ಕೆಲವು ದಿನಗಳ ಓಟ. ಅದನ್ನು ಪೊಬ್ಲೆಟ್ 1952ರಲ್ಲಿ ಮತ್ತು 1960ರಲ್ಲಿ ಗೆದ್ದರು.

ಸಿಗದೇ ಹೋದದ್ದು

ಇಷ್ಟು ಹೇಳುವಾಗ ಹೂವಿನ ಅಕ್ಕ ಕೇಳಿದರು: "ಹಂಗಾದ್ರೆ ಆ ಮೂರು ವಾರದ ಓಟ? ಅದನ್ನ ಎಷ್ಟು ಸಲ ಗೆದ್ದ?"

"ಒಂದು ಸಲವೂ ಇಲ್ಲ ಅಕ್ಕ."

ಹೌದು. ಮೂರು ದೊಡ್ಡ ಓಟಗಳಲ್ಲಿ ಒಂದನ್ನೂ ಅವರು ಪೂರ್ತಿಯಾಗಿ ಗೆಲ್ಲಲಿಲ್ಲ. ಎತ್ತರದ ಬೆಟ್ಟಗಳಲ್ಲಿ ಬೇರೆಯವರು ಮುಂದೆ ಹೋಗುತ್ತಿದ್ದರು. ಇಟಲಿಯ ಓಟದಲ್ಲಿ ಅವರಿಗೆ ಸಿಕ್ಕ ಒಳ್ಳೆಯ ಸ್ಥಾನ ಆರನೆಯದು. ಫ್ರಾನ್ಸ್ ಓಟವನ್ನು ಪೂರ್ತಿ ಗೆದ್ದ ಮೊದಲ ಸ್ಪೇನ್ ಸವಾರ ಇವರಲ್ಲ, ಫೆದೆರಿಕೊ ಬಹಮೊಂಟೆಸ್. ಅದು 1959ರಲ್ಲಿ. ಅವರು ಬೆಟ್ಟ ಹತ್ತುವುದರಲ್ಲಿ ಎತ್ತಿದ ಕೈ.

ಪ್ಯಾರಿಸ್ ಹತ್ತಿರದಿಂದ ರೂಬೆ ಎಂಬ ಊರಿಗೆ ಇನ್ನೊಂದು ಓಟ ಇದೆ. ದಾರಿಯಲ್ಲಿ ಹಳೆಯ ಕಾಲದ ಕಲ್ಲು ಹಾಸು. ಸೈಕಲ್ ಕುಲುಕುತ್ತದೆ, ಕೈ ಮರಗಟ್ಟುತ್ತದೆ, ಮುಖಕ್ಕೆಲ್ಲಾ ಧೂಳು. ಅದರಲ್ಲಿ ಪೊಬ್ಲೆಟ್ 1958ರಲ್ಲಿ ಎರಡನೆಯವರಾದರು. 1960ರಲ್ಲಿ ಮೂರನೆಯವರಾದರು. ಮೊದಲನೆಯವರು ಆಗಲೇ ಇಲ್ಲ.

ಆದರೆ ದಿನಗಳ ಲೆಕ್ಕ ನೋಡಿ. ಇಟಲಿಯ ಓಟದಲ್ಲಿ 1956ರಿಂದ 1961ರವರೆಗೆ ಪ್ರತಿ ವರ್ಷವೂ ದಿನ ಗೆದ್ದರು. ಒಟ್ಟು 20 ದಿನ. ಫ್ರಾನ್ಸಿನಲ್ಲಿ 3 ದಿನ. ಸ್ಪೇನಿನಲ್ಲಿ 3 ದಿನ. ಒಂದೇ ಸಲ ಬಂದ ರಾಶಿ ಅಲ್ಲ ಅದು. ಒಂದೊಂದೇ ದಿನ ಗೆದ್ದು ಕೂಡಿಸಿದ್ದು.

ಜನ ಯಾಕೆ ಮೆಚ್ಚಿದರು?

"ಪೂರ್ತಿ ಗೆಲ್ಲದೇ ಇದ್ರೂ ಜನಕ್ಕೆ ಯಾಕೆ ಅಷ್ಟು ಇಷ್ಟ?" ಇದು ಅಕ್ಕನ ಎರಡನೆಯ ಪ್ರಶ್ನೆ.

ನಮಗೆ ತೋಚಿದ್ದು ಇದು. ಈ ಓಟ ನೋಡುವುದಕ್ಕೆ ಟಿಕೆಟ್ ಬೇಡ. ಮನೆ ಮುಂದಿನ ರಸ್ತೆಯಲ್ಲೇ ಸವಾರರು ಹೋಗುತ್ತಾರೆ. ಬಡವರು, ಸಾಹುಕಾರರು, ಅಜ್ಜಿಯರು, ಮಕ್ಕಳು ಎಲ್ಲರೂ ರಸ್ತೆ ಪಕ್ಕ ನಿಂತು ನೋಡಬಹುದು. ನಮ್ಮಲ್ಲಿ ತೇರು ನೋಡಲು ನಿಂತ ಹಾಗೆ. ಮೂರು ವಾರದ ಲೆಕ್ಕ ಪಟ್ಟಿಯಲ್ಲಿರುತ್ತದೆ. ಕಣ್ಣೆದುರು ನಡೆಯುವುದು ಆ ದಿನದ ಓಟ. ತಮ್ಮ ಊರಿನ ಗೆರೆಯನ್ನು ಮೊದಲು ದಾಟಿದವರನ್ನು ಊರಿನವರು ಮರೆಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಯುದ್ಧವಾದ ಮೇಲೆ ಸ್ಪೇನನ್ನು ಫ್ರಾಂಕೊ ಎಂಬ ಸರ್ವಾಧಿಕಾರಿ ಆಳುತ್ತಿದ್ದ. ಶಾಲೆಯಲ್ಲಿ, ಕಚೇರಿಯಲ್ಲಿ ಕ್ಯಾಟಲನ್ ಭಾಷೆಗೆ ಜಾಗ ಇರಲಿಲ್ಲ. ಎಲ್ಲಾ ಸ್ಪ್ಯಾನಿಷ್ ಭಾಷೆಯಲ್ಲೇ ನಡೆಯಬೇಕು. ಹಾಗಾಗಿ ಪತ್ರಿಕೆಗಳಲ್ಲಿ, ಓಟದ ಪಟ್ಟಿಗಳಲ್ಲಿ ಇವರ ಹೆಸರು 'ಮಿಗೆಲ್' ಅಂತ ಅಚ್ಚಾಗುತ್ತಿತ್ತು. ಅದು ಸ್ಪ್ಯಾನಿಷ್ ರೂಪ. ಕ್ಯಾಟಲನ್ ಮಾತಿನಲ್ಲಿ ಅದೇ ಹೆಸರು 'ಮಿಕೆಲ್'.

ಮಿಗೆಲ್, ಮಿಕೆಲ್. ಎರಡನ್ನೂ ಬರೆದು ನೋಡಿ. ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ 'ಗೆ', ಇನ್ನೊಂದರಲ್ಲಿ 'ಕೆ'. ಒಂದು ಅಕ್ಷರ ಅಂದರೆ ಸಣ್ಣದೇ? ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಓಡಾಡಿದವರನ್ನು ಕೇಳಿ, ಅವರು ಹೇಳುತ್ತಾರೆ. ನಮ್ಮ ಹೆಸರು ನಮ್ಮ ನುಡಿಯಲ್ಲಿ ಸರಿಯಾಗಿ ಇರಬೇಕು ಅನ್ನುವುದು ಎಲ್ಲಾ ಊರಿನವರ ಆಸೆ.

ಫ್ರಾಂಕೊ 1975ರಲ್ಲಿ ತೀರಿಕೊಂಡ. ಕೆಲವು ವರ್ಷಗಳಲ್ಲಿ ಕ್ಯಾಟಲನ್ ಭಾಷೆಗೆ ಕಚೇರಿಯಲ್ಲೂ ಶಾಲೆಯಲ್ಲೂ ಮತ್ತೆ ಜಾಗ ಸಿಕ್ಕಿತು. ಇಂದು ಮೊಂಕಾಡದಲ್ಲಿ ಒಂದು ಕ್ರೀಡಾ ಮಂದಿರಕ್ಕೆ ಈ ಸವಾರರ ಹೆಸರಿದೆ. ಆ ಹೆಸರು 'ಮಿಕೆಲ್ ಪೊಬ್ಲೆಟ್' ಅಂತಲೇ ಇದೆ. ಊರಿನವರು ಕರೆದ ಹಾಗೇ.

ಅವರು 1962ರಲ್ಲಿ ಓಟ ನಿಲ್ಲಿಸಿದರು. 2013ರ ಏಪ್ರಿಲ್ 6ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೆಂಗಸರಿಗೆ ಸೈಕಲ್ ಯಾಕೆ?

ಪೊಬ್ಲೆಟ್ ಅವರ ಕಾಲದಲ್ಲಿ ಈ ದೊಡ್ಡ ಓಟಗಳು ಗಂಡಸರಿಗೆ ಮಾತ್ರ ಇದ್ದವು. ಈಗ ಹಾಗಿಲ್ಲ. ಫ್ರಾನ್ಸಿನಲ್ಲಿ 2022ರಿಂದ ಹೆಂಗಸರ ಓಟ ಪ್ರತಿ ವರ್ಷ ನಡೆಯುತ್ತಿದೆ. ಪೊಬ್ಲೆಟ್ ಅವರ ಕ್ಯಾಟಲೋನಿಯಾದಲ್ಲೂ 2024ರಲ್ಲಿ ಹೆಂಗಸರ ಓಟ ಶುರುವಾಯಿತು.

ನಮ್ಮ ಕರ್ನಾಟಕದ್ದೂ ಹೇಳಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಸೈಕಲ್ ಓಟದಲ್ಲಿ ರಾಷ್ಟ್ರ ಮಟ್ಟದ ಪದಕ ತಂದಿದ್ದಾರೆ. ಹೊಲದಲ್ಲಿ ದುಡಿಯುವ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ.

ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಒಬ್ಬಿಬ್ಬರಲ್ಲ, ಲಕ್ಷಕ್ಕೂ ಹೆಚ್ಚು ಜನ. ಮೊದಮೊದಲು ನಕ್ಕವರಿದ್ದರು, ಬೈದವರಿದ್ದರು. ಹೆಂಗಸರು ಬಿಡಲಿಲ್ಲ. ನೀರು ತರಲು, ಮಗುವನ್ನು ಶಾಲೆಗೆ ಬಿಡಲು, ಸಂತೆಗೆ ಹೋಗಲು ಯಾರನ್ನೂ ಕಾಯಬೇಕಾಗಿಲ್ಲ ಅನ್ನುವುದು ಅವರಿಗೆ ಗೊತ್ತಾಗಿತ್ತು.

ಅಕ್ಷರವೂ ಹಾಗೇ ಅಲ್ಲವೇ? ಬಸ್ಸಿನ ಬೋರ್ಡು ಓದಲು, ಚೀಟಿ ಓದಲು ಇನ್ನೊಬ್ಬರನ್ನು ಕಾಯಬೇಕಾಗಿಲ್ಲ.

ಅಕ್ಕ ಗೆದ್ದ ದಿನ

ಕತೆ ಕೇಳಿದ ಮೇಲೆ ಹೂವಿನ ಅಕ್ಕ ಏನೂ ಹೇಳಲಿಲ್ಲ. ಕಟ್ಟಿದ ಹೂವಿನಲ್ಲಿ ಒಂದು ಮೊಳ ಕೊಟ್ಟು ಕಳಿಸಿದರು. ಮುಂದಿನ ವಾರ ತರಗತಿಗೆ ಬಂದರು. ದಿನಾ ಬರುತ್ತಾರೆ ಅಂತ ನಾವು ಹೇಳುವುದಿಲ್ಲ. ಹಬ್ಬದ ವ್ಯಾಪಾರ ಇದ್ದಾಗ ಬರುವುದಿಲ್ಲ. ಮೊಮ್ಮಗಳಿಗೆ ಜ್ವರ ಬಂದಾಗ ಬರುವುದಿಲ್ಲ. ಬಂದ ದಿನ ಒಂದು ಪುಟವಾದರೂ ಓದುತ್ತಾರೆ.

ಒಂದು ದಿನ ನಗುತ್ತಾ ಬಂದರು. ಕೈಯಲ್ಲಿ ಒಂದು ಚೀಟಿ. ಹೂವಿನ ಸಗಟು ವ್ಯಾಪಾರಿ ಕೊಟ್ಟ ಬಾಕಿ ಚೀಟಿ.

"ನೋಡಮ್ಮ ಇಲ್ಲಿ. ಬಾಕಿ 350 ಅಂತ ಬರೆದಿದ್ದ. ನಾನು ಕೊಡಬೇಕಾದ್ದು 250. ಮೊದಲಾಗಿದ್ರೆ ಸುಮ್ನೆ ಸೆರಗಿಗೆ ಕಟ್ಕೊಂಡು ಬರ್ತಿದ್ದೆ. ಇವತ್ತು ಅಲ್ಲೇ ನಿಂತು ಓದಿದೆ. ಇದು ಮೂರಾ, ಎರಡಾ ಅಂತ ಕೇಳಿದೆ. ಪುಸ್ತಕ ತಿರುವಿ ನೋಡಿದ. ತಪ್ಪಾಯ್ತು ಅಕ್ಕ ಅಂತ ತಿದ್ದಿ ಕೊಟ್ಟ."

ಚೀಟಿಯಲ್ಲಿ 3 ಹೊಡೆದು 2 ಮಾಡಿತ್ತು. ನೂರು ರೂಪಾಯಿ ಉಳಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅಕ್ಕನ ಪುಸ್ತಕ ಇನ್ನೂ ಮುಗಿದಿಲ್ಲ. ಈಗ ಹದಿನಾಲ್ಕನೆಯ ಪಾಠ. ಆದರೆ ಆ ದಿನವನ್ನು ಅವರು ಗೆದ್ದರು.

ತಂಗೀ, ಅಕ್ಕಾ, ನಿಮ್ಮ ಪುಸ್ತಕ ಯಾವ ಪಾಠದಲ್ಲಿದೆ? ಅದು ಯಾವಾಗ ಮುಗಿಯುತ್ತೋ ಅಂತ ಚಿಂತೆ ಬೇಡ. ಇವತ್ತಿನ ಪುಟ ಓದೋಣ. ನಾಳೆಯದು ನಾಳೆ.

ಹೊಸ ಪದಗಳು (ಜೋರಾಗಿ ಓದಿ)

ಸವಾರ, ಖಂಡ, ಸೀಮೆ, ಪತ್ರಿಕೆ, ಜಾಹೀರಾತು, ಸರ್ವಾಧಿಕಾರಿ, ಎದುರುಗಾಳಿ, ಸಗಟು ವ್ಯಾಪಾರಿ

ಉತ್ತರ ಬರೆಯಿರಿ

1. ಮಿಕೆಲ್ ಪೊಬ್ಲೆಟ್ ಯಾವ ಊರಿನಲ್ಲಿ ಹುಟ್ಟಿದರು?
2. ಫ್ರಾನ್ಸ್ ಓಟದಲ್ಲಿ ಮುಂದಿರುವ ಸವಾರನ ಅಂಗಿ ಯಾವ ಬಣ್ಣದ್ದು? ಆ ಬಣ್ಣ ಯಾಕೆ ಬಂತು?
3. ಸವಾರರು ಒಬ್ಬರ ಹಿಂದೆ ಒಬ್ಬರು ಯಾಕೆ ಹೋಗುತ್ತಾರೆ?
4. ಹೂವಿನ ಅಕ್ಕ ಚೀಟಿಯಲ್ಲಿ ಯಾವ ತಪ್ಪು ಕಂಡುಹಿಡಿದರು?

ಲೆಕ್ಕ ಮಾಡಿ

1. ಪೊಬ್ಲೆಟ್ ಇಟಲಿಯಲ್ಲಿ 20, ಫ್ರಾನ್ಸಿನಲ್ಲಿ 3, ಸ್ಪೇನಿನಲ್ಲಿ 3 ದಿನ ಗೆದ್ದರು. ಒಟ್ಟು ಎಷ್ಟು ದಿನ?
2. ಪೊಬ್ಲೆಟ್ 1928ರ ಮಾರ್ಚ್‌ನಲ್ಲಿ ಹುಟ್ಟಿದರು. 1957ರ ಡಿಸೆಂಬರ್‌ನಲ್ಲಿ ಅವರ ವಯಸ್ಸು ಎಷ್ಟು?
3. ಚೀಟಿಯಲ್ಲಿ 350 ಇತ್ತು. ನಿಜವಾದ ಬಾಕಿ 250. ವ್ಯತ್ಯಾಸ ಎಷ್ಟು?

ನಾವೇ ಮಾಡೋಣ

ನಿಮ್ಮ ರೇಷನ್ ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕ ತನ್ನಿ. ಎರಡರಲ್ಲೂ ನಿಮ್ಮ ಹೆಸರು ಒಂದೇ ತರಹ ಇದೆಯೇ? ಅಕ್ಷರ ಅಕ್ಷರ ಸೇರಿಸಿ ಓದಿ ನೋಡಿ. ತಪ್ಪಿದ್ದರೆ ಸರಿಯಾದ ಹೆಸರನ್ನು ಕೆಳಗಿನ ಗೆರೆಯ ಮೇಲೆ ಬರೆಯಿರಿ. ತಿದ್ದಿಸುವುದು ಹೇಗೆ ಅಂತ ಎಲ್ಲರೂ ಕೂತು ಮಾತಾಡೋಣ.

ನನ್ನ ಹೆಸರು: ..............................